ಸಾವಯವ ಮಾಂಸ ಮತ್ತು ಸಾಮಾನ್ಯ ಸಾಕಣೆಯ ಮಾಂಸ: ಸಾರ್ವಜನಿಕರ ಮಾಹಿತಿಗಾಗಿ

ಸಾವಯವ ಎಂಬ ಹೆಸರಿನಲ್ಲಿ ಕೋಳಿ, ಕುರಿ ಹಾಗೂ ಮೇಕೆ ಮಾಂಸವು ಹೆಚ್ಚಿನ ದರಕ್ಕೆ ಮಾರಾಟವಾಗುತ್ತಿದೆ. ಈ ಹೆಚ್ಚುವರಿ ಹಣಕ್ಕೆ ಗ್ರಾಹಕರಿಗೆ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

1. ಸಾವಯವ ಎಂದರೇನು?
ಸಾವಯವ ಎಂಬುದು ಸಾಕಣೆಯ ವಿಧಾನಕ್ಕೆ ಸಂಬಂಧಿಸಿದ್ದು; ತಳಿಗಾಗಲಿ ರುಚಿಗಾಗಲಿ ಸಂಬಂಧಿಸಿದ್ದಲ್ಲ. ಸಾವಯವವಾಗಿ ಬೆಳೆದ ಮೇವು ಮತ್ತು ಓಡಾಡಲು ಬಯಲು ಒದಗಿಸುವುದು ಹಾಗೂ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಅಥವಾ ಹಾರ್ಮೋನು ನೀಡದಿರುವುದು ಇದರ ಮುಖ್ಯ ಷರತ್ತುಗಳು. ನಾಟಿ ಕೋಳಿ ಎಂದ ಮಾತ್ರಕ್ಕೆ ಅದನ್ನು ಸಾವಯವವೆಂದು ಭಾವಿಸತಕ್ಕದ್ದಲ್ಲ.

2. ಆರೋಗ್ಯ
ಅ) 2012ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಜ್ಞರು ಪ್ರಕಟಿಸಿದ ಪರಾಮರ್ಶೆಯ ಪ್ರಕಾರ, ಕೋಳಿ ಮತ್ತು ಹಂದಿ ಮಾಂಸದಲ್ಲಿ ರೋಗಾಣುಗಳು ಎರಡೂ ವಿಧಾನಗಳಲ್ಲಿ ಸಾಮಾನ್ಯವಾಗಿ ಕಂಡುಬಂದಿವೆ. ಆದರೆ ಮೂರು ಅಥವಾ ಹೆಚ್ಚು ಆಂಟಿಬಯೋಟಿಕ್‌ಗಳಿಗೆ ಬಗ್ಗದ ರೋಗಾಣುಗಳಿರುವ ಸಂಭವವು ಸಾಮಾನ್ಯ ಸಾಕಣೆಯಲ್ಲಿ 33 ಶೇಕಡಾವಾರು ಅಂಶಗಳಷ್ಟು ಅಧಿಕವಾಗಿತ್ತು.
ಆ) 67 ಅಧ್ಯಯನಗಳನ್ನು ಆಧರಿಸಿದ 2016ರ ಪರಾಮರ್ಶೆಯಲ್ಲಿ, ಸಾವಯವ ಮಾಂಸದಲ್ಲಿ ಒಮೆಗಾ-3 ಕೊಬ್ಬು ಸುಮಾರು ಶೇ. 47ರಷ್ಟು ಹೆಚ್ಚಿರುವುದು ಕಂಡುಬಂದಿದೆ. ಹಸಿರು ಮೇವು ಇದಕ್ಕೆ ಪ್ರಮುಖ ಕಾರಣವಾದುದರಿಂದ, ಬಯಲಿನಲ್ಲಿ ಮೇಯುವ ಸಾಮಾನ್ಯ ಕುರಿಯ ಮಾಂಸಕ್ಕೂ ಈ ಗುಣವಿರಬಹುದು.

3. ಆಂಟಿಬಯೋಟಿಕ್ ಬಳಕೆ
ಆರೋಗ್ಯವಂತ ಪ್ರಾಣಿಗಳಿಗೂ ಈ ಔಷಧಗಳನ್ನು ನೀಡುತ್ತಾ ಬಂದಲ್ಲಿ ರೋಗಾಣುಗಳು ಅವುಗಳಿಗೆ ಒಗ್ಗಿಕೊಳ್ಳುತ್ತವೆ. ಮುಂದೆ ಮನುಷ್ಯರ ಚಿಕಿತ್ಸೆಯಲ್ಲಿ ಅದೇ ಔಷಧ ನಿಷ್ಫಲವಾಗುತ್ತದೆ. ಈ ಕಾರಣದಿಂದಲೇ, ಬೇರೆ ಔಷಧಗಳು ಫಲಿಸದಿದ್ದಾಗ ಮನುಷ್ಯರಿಗೆ ನೀಡುವ ಕೊಲಿಸ್ಟಿನ್ ಅನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಬಳಸುವುದನ್ನು ಕೇಂದ್ರ ಸರ್ಕಾರವು ಜುಲೈ 2019ರಲ್ಲಿ ನಿಷೇಧಿಸಿದೆ.

4. ಪರಿಸರ
ಸಾವಯವ ಮೇವಿಗೆ ರಾಸಾಯನಿಕ ಗೊಬ್ಬರ ಹಾಗೂ ಕೃತಕ ಕೀಟನಾಶಕ ಬಳಸದಿರುವುದರಿಂದ ಮಣ್ಣು ಮತ್ತು ನೀರಿಗೆ ಅನುಕೂಲವಾಗುತ್ತದೆ. ಆದರೆ ಪ್ರಾಣಿಗಳು ನಿಧಾನವಾಗಿ ಬೆಳೆಯುವುದರಿಂದ ಪ್ರತಿ ಕಿಲೋ ಮಾಂಸಕ್ಕೆ ಹೆಚ್ಚು ಜಮೀನು ಬೇಕಾಗುತ್ತದೆ. ಕುರಿ, ಮೇಕೆಗಳಂತಹ ಮೆಲುಕು ಹಾಕುವ ಪ್ರಾಣಿಗಳಿಂದ ಮೀಥೇನ್ ಅನಿಲವು ಎರಡೂ ವಿಧಾನಗಳಲ್ಲಿ ಹೊರಬರುತ್ತದೆ.

5. ಗ್ರಾಹಕರಿಗೆ ಸೂಚನೆಗಳು
ಅ) ಪೊಟ್ಟಣದ ಮೇಲೆ ಸಾವಯವ ಪ್ರಮಾಣೀಕರಣದ ಲಾಂಛನ ಹಾಗೂ ಆಹಾರ ಪರವಾನಗಿ ಸಂಖ್ಯೆಯನ್ನು ಪರಿಶೀಲಿಸುವುದು.
ಆ) ಯಾವುದೇ ಮಾಂಸವನ್ನು ಒಳಭಾಗವೂ 70 ಡಿಗ್ರಿ ಸೆಲ್ಸಿಯಸ್ ತಲುಪುವಂತೆ ಬೇಯಿಸುವುದು.
ಇ) ಹೆಚ್ಚಿನ ದರ ಭರಿಸಲಾಗದವರು ಚಿಂತಿಸಬೇಕಾಗಿಲ್ಲ. ಶುಚಿಯಾದ ಅಂಗಡಿಯಲ್ಲಿ ಕೊಂಡು, ಚೆನ್ನಾಗಿ ಬೇಯಿಸಿ, ಮಿತವಾಗಿ ಸೇವಿಸುವುದು ಆರೋಗ್ಯಕ್ಕೂ ಪರಿಸರಕ್ಕೂ ಹಿತಕರ.

6. ಸಾಕಣೆದಾರರಿಗೆ ಸೂಚನೆಗಳು
ಅ) ಪ್ರಮಾಣಪತ್ರ ಬಯಸುವವರು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದಡಿ ಮಾನ್ಯತೆ ಪಡೆದ ಸಂಸ್ಥೆಗೆ ಅರ್ಜಿ ಸಲ್ಲಿಸತಕ್ಕದ್ದು. ಮೇವು, ಖರೀದಿ ಹಾಗೂ ಚಿಕಿತ್ಸೆಯ ದಾಖಲೆಗಳನ್ನು ಮೊದಲಿನಿಂದಲೇ ನಿರ್ವಹಿಸತಕ್ಕದ್ದು.
ಆ) ಸಾವಯವ ಪಟ್ಟ ತಪ್ಪುವುದೆಂಬ ಕಾರಣಕ್ಕೆ ಕಾಯಿಲೆ ಬಿದ್ದ ಪ್ರಾಣಿಗೆ ಚಿಕಿತ್ಸೆ ನಿರಾಕರಿಸಬಾರದು.
ಇ) ಯಾವುದೇ ವಿಧಾನದಲ್ಲಿ ಸಾಕಿದ್ದರೂ, ಔಷಧ ನೀಡಿದ ನಂತರ ಪಶುವೈದ್ಯರು ತಿಳಿಸಿದಷ್ಟು ದಿನ ಕಳೆಯುವವರೆಗೆ ಪ್ರಾಣಿಯನ್ನು ಮಾಂಸಕ್ಕಾಗಿ ಮಾರಾಟ ಮಾಡಬಾರದು.

ಹೆಚ್ಚಿನ ಮಾಹಿತಿಗಾಗಿ ಸಮೀಪದ ಪಶು ಚಿಕಿತ್ಸಾಲಯವನ್ನು ಸಂಪರ್ಕಿಸಲು ಕೋರಲಾಗಿದೆ.