ಘಟ್ಟ ಹತ್ತಿ ಬಂದ ಮೀನು: ತಿನ್ನಬಹುದೇ, ಬಾರದೇ?



ಅಜ್ಜಂಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಗಣೇಶನ ಹಬ್ಬ ಕಳೆದು ವಾರವಾಗಿದೆ. ಫ್ರಿಜ್ಜು ತೊಳೆಯಲು ಹೊರಟ ತಾಯಿಗೆ ಮೇಲಿನ ಖಾನೆಯ ಮೂಲೆಯಲ್ಲಿ, ಬಿಳಿ ಐಸಿನ ಅಡಿಯಲ್ಲಿ, ಒಂದು ಪ್ಲಾಸ್ಟಿಕ್ ಪೊಟ್ಟಣ ಸಿಗುತ್ತದೆ. ಒಳಗಿರುವುದು ಬಂಗುಡೆ. "ಹೊಸತೊಡಕಿಗೆ ತಂದದ್ದಿರಬೇಕು" ಎನ್ನುತ್ತಾರೆ ತಾಯಿ. "ಕಲ್ಲಿನ ಹಾಗೆ ಗಟ್ಟಿ ಇದೆ, ಏನೂ ಆಗಿರಲ್ಲ" ಎನ್ನುತ್ತಾರೆ ತಂದೆ. "ಐದು ತಿಂಗಳ ಮೀನು ಯಾವನು ತಿಂತಾನೆ, ಬಿಸಾಕು" ಎನ್ನುತ್ತಾರೆ ಅಜ್ಜಿ. ಕೊನೆಗೆ ಮೂವರೂ ನಿಮ್ಮತ್ತ ತಿರುಗುತ್ತಾರೆ: "ಸೈನ್ಸ್ ಓದ್ತೀಯಲ್ಲ ಮಗಾ, ನೀನೇ ಹೇಳು."

ನೀವು ಏನು ಹೇಳುತ್ತೀರಿ? ಒಳ್ಳೆಯ ಮೀನನ್ನು ಎಸೆದರೆ ದುಡ್ಡು ಹಾಳು. ಕೆಟ್ಟದ್ದನ್ನು ಬಡಿಸಿದರೆ ಮನೆಮಂದಿಯೆಲ್ಲ ಹಾಸಿಗೆ ಹಿಡಿಯಬಹುದು. ಈ ಸಣ್ಣ ಪ್ರಶ್ನೆಯ ಹಿಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ. ಆ ಚರಿತ್ರೆಯನ್ನು ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ. ದೂರದರ್ಶನದ ಪರದೆಯ ಮೇಲೆ ಮೀನನ್ನು ತೋರಿಸಬಹುದು, ಅದರ ವಾಸನೆಯನ್ನು ತೋರಿಸಲಾಗದು. ಆ ಕೊರತೆಯನ್ನು ಈ ಪುಟಗಳಲ್ಲಿ ತುಂಬಿಕೊಳ್ಳೋಣ.

ಉಪ್ಪಿನ ಕಾಲ

ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಘಟ್ಟದ ಈಚೆಗಿನ ಊರುಗಳು. ಈ ಸೀಮೆಯವರಿಗೆ ಹಸಿ ಮೀನೆಂದರೆ ಬಹುಕಾಲ ಕೆರೆಯ ಮೀನೇ. ಮದಗದ ಕೆರೆ, ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಮುಂದೆ ಲಕ್ಕವಳ್ಳಿಯ ಭದ್ರಾ ಜಲಾಶಯ ಇವೆಲ್ಲ ಹತ್ತಿರದಲ್ಲೇ ಇವೆ. ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನ ಸಾರಾಗುತ್ತಿತ್ತು. ಹಳತೋ ಹೊಸತೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ.

ಕಡಲ ಮೀನಿನ ಕಥೆ ಬೇರೆ. ಹೊನ್ನಾವರದಿಂದ ಸಾಗರ, ಶಿವಮೊಗ್ಗ, ಭದ್ರಾವತಿಗಳನ್ನು ಹಾದು ತರೀಕೆರೆ, ಬೀರೂರು, ಕಡೂರುಗಳಿಗೆ ಬರುವ ಹೆದ್ದಾರಿಯನ್ನು ನೀವು ಬಲ್ಲಿರಿ. ಹಿಂದೆ ಅದರ ಸಂಖ್ಯೆ 206, ಈಗ 69. ಹೊನ್ನಾವರದಿಂದ ತರೀಕೆರೆಗೆ ಸುಮಾರು 200 ಕಿಲೋಮೀಟರು. ಇಂದು ಲಾರಿಗೆ ಇದು ಒಂದು ರಾತ್ರಿಯ ದಾರಿ; ಎತ್ತಿನ ಗಾಡಿಗೆ ಹಲವು ದಿನಗಳ ಪಯಣ. ಅಷ್ಟು ದಿನ ಹಸಿ ಮೀನು ತಾಳುವುದಿಲ್ಲ. ಆದ್ದರಿಂದ ಘಟ್ಟ ಹತ್ತಿದ್ದು ಒಣಮೀನು.

ಒಣಮೀನಿನ ಒಳ್ಳೆಯತನ ಉಪ್ಪನ್ನು ಅವಲಂಬಿಸಿತ್ತು. ಉಪ್ಪೋ ಬ್ರಿಟಿಷರ ತೆರಿಗೆಯ ವಸ್ತು. ದುಬಾರಿ ಉಪ್ಪನ್ನು ಬಡ ಮೀನುಗಾರ ಕಡಿಮೆ ಹಾಕಿದರೆ ಮೀನು ಅರ್ಧ ಕೊಳೆತೇ ಒಣಗುತ್ತಿತ್ತು. 1870ರ ದಶಕದಲ್ಲಿ ಭಾರತದ ಮೀನುಗಾರಿಕೆಯನ್ನು ಪರಿಶೀಲಿಸಿದ ಫ್ರಾನ್ಸಿಸ್ ಡೇ, ಮೀನು ಹದ ಮಾಡುವವರಿಗೆ ಅಗ್ಗದ ಉಪ್ಪು ಸಿಗಬೇಕೆಂದು ವಾದಿಸಿದ. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡವೂ ಒಳಗೊಂಡಂತೆ ಪಶ್ಚಿಮ ಕರಾವಳಿಯಲ್ಲಿ ಸರ್ಕಾರವೇ ಮೀನು ಹದ ಮಾಡುವ ಅಂಗಳಗಳನ್ನು ತೆರೆದು, ಅಲ್ಲಿ ತೆರಿಗೆಯಿಲ್ಲದ ಉಪ್ಪು ಕೊಟ್ಟಿತು. ನೋಡಿ, ಸಂತೆಯ ಬುಟ್ಟಿಯಲ್ಲಿದ್ದ ಮೀನಿನ ಗುಣವನ್ನು ರಾಜ್ಯದ ಒಂದು ತೆರಿಗೆ ನಿರ್ಧರಿಸುತ್ತಿತ್ತು!

ಆ ಕಾಲದ ಪರೀಕ್ಷಕರು ನಿಮ್ಮ ಅಜ್ಜಿಯಂಥವರು. ಒಣಮೀನನ್ನು ಬೆರಳಿನಿಂದ ಒತ್ತುವುದು, ಮೂಸುವುದು, ಮೇಲೆ ಕೆಂಪು ಛಾಯೆ ಕಂಡರೆ ಬುಟ್ಟಿಗೆ ಹಿಂತಿರುಗಿಸುವುದು. ಆ ಕೆಂಪು, ಉಪ್ಪನ್ನೇ ಇಷ್ಟಪಡುವ ಸೂಕ್ಷ್ಮಜೀವಿಗಳ ಬಣ್ಣವೆಂದು ವಿಜ್ಞಾನ ನಂತರ ಹೇಳಿತು. ಅಜ್ಜಿಗೆ ಹೆಸರು ತಿಳಿದಿರಲಿಲ್ಲ, ತೀರ್ಪು ಮಾತ್ರ ಸರಿಯಾಗಿತ್ತು.

ಐಸಿನ ಕಾಲ

1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ನಿನಿಂದ 'ಟಸ್ಕನಿ' ಎಂಬ ಹಡಗು 180 ಟನ್ ಐಸು ತುಂಬಿಕೊಂಡು ಹೊರಟಿತು. ಕಳುಹಿಸಿದವನು ಫ್ರೆಡರಿಕ್ ಟ್ಯೂಡರ್. ನಾಲ್ಕು ತಿಂಗಳ ನಂತರ ಕಲ್ಕತ್ತ ತಲುಪಿದಾಗ ಸುಮಾರು 100 ಟನ್ ಉಳಿದಿತ್ತು. ಆ ಐಸು ದೊರೆಗಳ ಪಾನೀಯಕ್ಕೆ ಮೀಸಲು, ಮೀನಿಗಲ್ಲ. ಮೀನುಗಾರನಿಗೆ ಐಸು ಸಿಗಲು ಯಂತ್ರದಿಂದ ಐಸು ತಯಾರಿಸುವ ಕಾರ್ಖಾನೆಗಳು ಬರಬೇಕಾಯಿತು.

ನಮ್ಮ ಸೀಮೆಗೆ ರೈಲು ಬೇಗನೆ ಬಂತು. ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಹರಿಹರಕ್ಕೆ ಹೋಗುವ ಮಾರ್ಗ 1889ರಲ್ಲಿ, ಬೀರೂರಿನಿಂದ ತರೀಕೆರೆಯ ಮೂಲಕ ಶಿವಮೊಗ್ಗಕ್ಕೆ ಹೋಗುವ ಕವಲು 1899ರಲ್ಲಿ ತೆರೆದವು. ಆದರೆ ಈ ಹಳಿಗಳು ಆಗ ಘಟ್ಟ ಇಳಿದು ನಮ್ಮ ಕರಾವಳಿಯನ್ನು ಮುಟ್ಟಲಿಲ್ಲ. ಐಸು ಹಾಕಿದ ಮೀನು ನಮ್ಮತ್ತ ಹೆಚ್ಚಾಗಿ ಬಂದದ್ದು ಲಾರಿಗಳು ಘಟ್ಟದ ರಸ್ತೆ ಹಿಡಿದ ಮೇಲೆ.

ಇಲ್ಲಿ ಒಂದು ಮಾತನ್ನು ಗುರುತು ಹಾಕಿಕೊಳ್ಳಿ. ಕರಗುತ್ತಿರುವ ಐಸಿನ ತಾಪ ಸೊನ್ನೆ ಡಿಗ್ರಿ ಸೆಲ್ಸಿಯಸ್. ಅದು ಕೊಳೆಯುವುದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಕಡಲ ಮೀನಿನ ಮಾಂಸದಲ್ಲಿರುವ ಒಂದು ವಾಸನೆಯಿಲ್ಲದ ವಸ್ತುವನ್ನು ಬ್ಯಾಕ್ಟೀರಿಯಾಗಳು ಟ್ರೈಮೀಥೈಲ್ ಅಮೀನ್ ಎಂಬ ನಾರುವ ವಸ್ತುವಾಗಿ ಬದಲಿಸುತ್ತವೆ. ನಾವು 'ಮೀನು ವಾಸನೆ' ಎನ್ನುವುದು ಬಹುಮಟ್ಟಿಗೆ ಇದನ್ನೇ. ಐಸಿನಲ್ಲಿಟ್ಟ ಮೀನು ಕೆಡುವಾಗ ಈ ವಾಸನೆಯ ಮೂಲಕ ಹೇಳಿ ಕೆಡುತ್ತದೆ. ಆದ್ದರಿಂದ ಐಸಿನ ಕಾಲದಲ್ಲೂ ಮೂಗಿನ ತೀರ್ಪು ನಡೆಯುತ್ತಿತ್ತು.

ಹೆಪ್ಪುಗಟ್ಟಿಸಿದ ಕಾಲ

1912ರ ನಂತರ ಕೆನಡಾದ ಲ್ಯಾಬ್ರಡಾರ್‌ನಲ್ಲಿದ್ದ ಕ್ಲಾರೆನ್ಸ್ ಬರ್ಡ್ಸ್‌ಐ ಎಂಬ ಅಮೆರಿಕನ್, ಅಲ್ಲಿನ ಮೂಲನಿವಾಸಿಗಳು ಹಿಡಿದ ಮೀನು ಕೊರೆಯುವ ಗಾಳಿಗೆ ಕ್ಷಣದಲ್ಲಿ ಗಟ್ಟಿಯಾಗುವುದನ್ನು ಕಂಡ. ತಿಂಗಳುಗಳ ನಂತರ ಬೇಯಿಸಿದರೂ ಅದು ಹಸಿ ಮೀನಿನಂತೆಯೇ ಇತ್ತು. ಗುಟ್ಟು ವೇಗದಲ್ಲಿದೆ. ಮೈನಸ್ 1ರಿಂದ ಮೈನಸ್ 5 ಡಿಗ್ರಿಯೊಳಗೆ ಮೀನಿನಲ್ಲಿರುವ ನೀರಿನ ಬಹುಪಾಲು ಹೆಪ್ಪುಗಟ್ಟುತ್ತದೆ. ಈ ಹಂತವನ್ನು ನಿಧಾನವಾಗಿ ದಾಟಿದರೆ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಬೇಗ ದಾಟಿದರೆ ಹರಳುಗಳು ಚಿಕ್ಕವಾಗಿಯೇ ಉಳಿಯುತ್ತವೆ. 1930ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ನಗರದ ಅಂಗಡಿಗಳಲ್ಲಿ ಅವನ ಪೊಟ್ಟಣಗಳು ಮಾರಾಟಕ್ಕೆ ಬಂದವು.

ಭಾರತಕ್ಕೆ ಈ ವಿದ್ಯೆ ಸಿಗಡಿಯ ಬೆನ್ನೇರಿ ಬಂತು. 1953ರಲ್ಲಿ ಕೊಚ್ಚಿಯಿಂದ ಹೆಪ್ಪುಗಟ್ಟಿಸಿದ ಸಿಗಡಿ ಅಮೆರಿಕಕ್ಕೆ ಹೊರಟಿತು. 1952ರಲ್ಲಿ ಒಪ್ಪಂದವಾದ ಭಾರತ–ನಾರ್ವೆ ಯೋಜನೆ ಕೇರಳದ ನೀಂಡಕರದಲ್ಲಿ ಶುರುವಾಗಿ, 1963ರಲ್ಲಿ ನಮ್ಮ ಕಾರವಾರಕ್ಕೂ ಚಾಚಿತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ, 1969ರಲ್ಲಿ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಆರಂಭವಾದವು. ಮುಂದೆ ಫ್ರಿಜ್ಜು ಮನೆಮನೆಗೆ ಬಂದಾಗ, ಕಾರ್ಖಾನೆಯ ಪ್ರಶ್ನೆ ನಿಮ್ಮ ಅಡುಗೆಮನೆಯ ಪ್ರಶ್ನೆಯಾಯಿತು.

ಹೆಪ್ಪುಗಟ್ಟಿದ ಮೀನಿಗೆ ವಾಸನೆಯಿಲ್ಲ. ಅಜ್ಜಿಯ ಮೂಗು ಮೊದಲ ಬಾರಿಗೆ ಸೋತದ್ದು ಇಲ್ಲಿ. ಹಾಗಾದರೆ ಹೇಗೆ ತಿಳಿಯುವುದು?

ಖಾತೆ ಪುಸ್ತಕದ ಲೆಕ್ಕ

1948ರಿಂದ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿ ಬಗೆಬಗೆಯ ಆಹಾರಗಳನ್ನು ಬೇರೆ ಬೇರೆ ತಾಪದಲ್ಲಿ, ಬೇರೆ ಬೇರೆ ಅವಧಿಗೆ ಹೆಪ್ಪುಗಟ್ಟಿಸಿಟ್ಟು ಪರೀಕ್ಷಿಸಿದರು. ಅವರು ಕಂಡದ್ದು ಸಾಹುಕಾರನ ಖಾತೆಯಂಥ ಒಂದು ನಿಯಮ. ಆಹಾರ ಬೆಚ್ಚಗಾದ ಪ್ರತಿ ಗಂಟೆಯೂ ಖಾತೆಗೆ ಸೇರುತ್ತದೆ. ಮತ್ತೆ ತಣ್ಣಗೆ ಮಾಡಿದರೆ ಬಡ್ಡಿ ನಿಧಾನವಾಗುತ್ತದೆಯೇ ಹೊರತು ಹಳೆಯ ಸಾಲ ತೀರುವುದಿಲ್ಲ. ಮೈನಸ್ 18 ಡಿಗ್ರಿ ಇಂದು ಲೋಕವೆಲ್ಲ ಒಪ್ಪಿದ ಗಡಿ. ಅದು ಫ್ಯಾರನ್‌ಹೀಟ್ ಮಾಪಕದ ಸೊನ್ನೆ.

ಮೈನಸ್ 18ರಲ್ಲಿ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. ಹಾಗೆಂದು ಎಲ್ಲವೂ ಸಾಯುವುದೂ ಇಲ್ಲ, ಅವುಗಳಲ್ಲಿ ಅನೇಕವು ನಿದ್ರಿಸುತ್ತವೆ. ಸದಾ ಆ ತಾಪದಲ್ಲೇ ಇದ್ದ ಮೀನು ಎಷ್ಟು ಹಳತಾದರೂ ಆ ಕಾರಣಕ್ಕೇ ವಿಷವಾಗುವುದಿಲ್ಲ. ಆದರೆ ರುಚಿ ಕೆಡುತ್ತದೆ. ಎಣ್ಣೆ ಗಾಳಿಯೊಡನೆ ಸೇರಿ ಕಮಟಾಗುತ್ತದೆ. ಗಾಳಿ ತಾಗಿದಲ್ಲಿ ನೀರು ಆರಿ, ಬಿಳಿಯ ಒಣ ಕಲೆಗಳು ಮೂಡುತ್ತವೆ. ಬಂಗುಡೆ, ಬೂತಾಯಿಯಂಥ ಎಣ್ಣೆ ಮೀನಿನ ರುಚಿ ಉಳಿಯುವುದು ಎರಡು ಮೂರು ತಿಂಗಳು. ಎಣ್ಣೆ ಕಡಿಮೆಯಿರುವ ಮೀನಿನದು ಆರರಿಂದ ಎಂಟು ತಿಂಗಳು.

ಕಾಣದ ಶತ್ರು

ಈಗ ಬಂಗುಡೆಯ ಇನ್ನೊಂದು ಮುಖ. ಅದರ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗಿನ ಜಾಗದಲ್ಲಿ ಕೆಲವು ಗಂಟೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಬದಲಿಸುತ್ತವೆ. ಅಂಥ ಮೀನು ತಿಂದವರಿಗೆ ಕೆಲವು ನಿಮಿಷಗಳಿಂದ ಕೆಲವು ಗಂಟೆಗಳೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ವಾಂತಿಯೂ ಆಗಬಹುದು. ಇದಕ್ಕಾಗಿಯೇ ಅಂತರರಾಷ್ಟ್ರೀಯ ಆಹಾರ ನಿಯಮಾವಳಿಯು ಒಂದು ಕಿಲೋ ಮೀನಿನಲ್ಲಿ 200 ಮಿಲಿಗ್ರಾಂ ಹಿಸ್ಟಮಿನ್‌ಗಿಂತ ಹೆಚ್ಚಿರಬಾರದೆಂದು ಹೇಳುತ್ತದೆ.

ಹಿಸ್ಟಮಿನ್ ಕುದಿಸಿದರೆ ಹೋಗುವುದಿಲ್ಲ, ಹುರಿದರೆ ಹೋಗುವುದಿಲ್ಲ, ಹೆಪ್ಪುಗಟ್ಟಿಸಿದರೂ ಹೋಗುವುದಿಲ್ಲ. ಮೂಗಿಗೆ ತಿಳಿಯುವಷ್ಟು ನಾತವೂ ಬಾರದಿರಬಹುದು. "ಚೆನ್ನಾಗಿ ಬೇಯಿಸಿದರೆ ಆಯಿತು" ಎಂಬ ಮಾತು ಇಲ್ಲಿ ನಡೆಯದು. ಒಂದು ತುಂಡು ತಿಂದು ನೋಡುವ ಪರೀಕ್ಷೆಯೂ ಬೇಡ.

ಈಗ ಪ್ರಶ್ನೆ ಬದಲಾಯಿತಲ್ಲವೇ? 'ಎಷ್ಟು ದಿನ ಐಸಿನಲ್ಲಿತ್ತು?' ಎಂಬುದಕ್ಕಿಂತ 'ಐಸಿಗೆ ಹೋಗುವ ಮೊದಲು ಹೇಗಿತ್ತು? ನಡುವೆ ಎಂದಾದರೂ ಕರಗಿತ್ತೇ?' ಎಂಬುದು ದೊಡ್ಡ ಪ್ರಶ್ನೆ. ಶೀತಲ ಪೆಟ್ಟಿಗೆ ಮೀನಿನ ಚರಿತ್ರೆಯನ್ನು ಅಳಿಸುವುದಿಲ್ಲ, ಮುಚ್ಚಿಡುತ್ತದೆ.

ತೀರ್ಪು

ಅಜ್ಜಂಪುರದ ಆ ಮನೆಗೆ ಮರಳೋಣ. ಚರಿತ್ರೆಯ ವಿದ್ಯಾರ್ಥಿ ಶಾಸನವನ್ನು ನೋಡುವಂತೆ ಪೊಟ್ಟಣವನ್ನು ನೋಡಿ. ಒಂದೊಂದೂ ಬಿಡಿಯಾಗಿ ಇಟ್ಟಿದ್ದ ಮೀನುಗಳು ಈಗ ಒಂದೇ ಮುದ್ದೆಯಾಗಿವೆ. ಪೊಟ್ಟಣದ ತಳದಲ್ಲಿ ಕಂದು ಬಣ್ಣದ ನೀರು ಹರಿದು ಹೆಪ್ಪುಗಟ್ಟಿದೆ. ಅಂದರೆ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. "ಆಷಾಢದ ಗಾಳಿಗೆ ಕಂಬ ಬಿದ್ದು ಎರಡು ದಿನ ಕರೆಂಟು ಇರಲಿಲ್ಲವಲ್ಲ!" ಎಂದು ತಾಯಿಗೆ ನೆನಪಾಗುತ್ತದೆ. ತುಂಬಿದ ದೊಡ್ಡ ಫ್ರೀಜರ್ ಬಾಗಿಲು ತೆರೆಯದಿದ್ದರೆ ಸುಮಾರು 48 ಗಂಟೆ ತಂಪು ಹಿಡಿಯುತ್ತದೆ, ಅರ್ಧ ತುಂಬಿದ್ದು ಸುಮಾರು 24 ಗಂಟೆ. ಒಂದೇ ಬಾಗಿಲಿನ ಫ್ರಿಜ್ಜಿನ ಪುಟ್ಟ ಖಾನೆಯಿಂದ ಅಷ್ಟನ್ನು ನಿರೀಕ್ಷಿಸಲಾಗದು. ಇದು ಬಂಗುಡೆ, ಕರಗಿದ ಗುರುತಿದೆ, ಎಷ್ಟು ಹೊತ್ತು ಬೆಚ್ಚಗಿತ್ತೋ ಹೇಳುವವರಿಲ್ಲ. ಎಸೆಯಿರಿ. ತಂದೆಯವರು ಬೇಸರಪಟ್ಟರೂ ಎಸೆಯಿರಿ.

ಆದರೆ ಅದೇ ಖಾನೆಯಲ್ಲಿ ಕರೆಂಟು ಬಂದ ಮೇಲೆ, ಕಳೆದ ತಿಂಗಳು ತಂದ ಸಿಗಡಿಯ ಪೊಟ್ಟಣವೂ ಇದೆ. ಗಾಳಿಯಾಡದಂತೆ ಸುತ್ತಿದೆ, ಬಿಡಿಬಿಡಿಯಾಗಿದೆ, ಹೆಪ್ಪುಗಟ್ಟಿದ ನೀರಿನ ಕಲೆಯಿಲ್ಲ. ಅದನ್ನು ರಾತ್ರಿ ಫ್ರಿಜ್ಜಿನ ಕೆಳ ಖಾನೆಯಲ್ಲಿಟ್ಟು ಕರಗಿಸಿ. ಲೋಳೆಯಾಗಿರದೆ, ಹುಳಿ ನಾತವಿಲ್ಲದೆ ಇದ್ದರೆ ಸಾರು ಮಾಡಿ. ಅಜ್ಜಿಯನ್ನೂ ಒಪ್ಪಿಸಿ. ಹಳತೆಲ್ಲ ಕೆಟ್ಟದ್ದಲ್ಲ, ಗಟ್ಟಿಯಾದದ್ದೆಲ್ಲ ಒಳ್ಳೆಯದೂ ಅಲ್ಲ.

ಕೊನೆಗೆ ನಿಮಗೆ ಮೂರು ಸಣ್ಣ ಕೆಲಸ. ಒಂದು, ಫ್ರೀಜರಿಗೆ ಹೋಗುವ ಪ್ರತಿ ಪೊಟ್ಟಣದ ಮೇಲೆ ಹೆಸರು, ತಾರೀಖು ಬರೆಯಿರಿ. ಎರಡು, ನಿಮ್ಮ ಫ್ರೀಜರ್ ಖಾನೆಯ ಬಾಗಿಲ ಮೇಲೆ ನಕ್ಷತ್ರಗಳ ಗುರುತಿದೆಯೇ ನೋಡಿ. ಒಂದು ನಕ್ಷತ್ರಕ್ಕೆ ಮೈನಸ್ 6, ಎರಡಕ್ಕೆ ಮೈನಸ್ 12, ಮೂರಕ್ಕೆ ಮೈನಸ್ 18 ಡಿಗ್ರಿ. ವಿದ್ಯುತ್ ಉಳಿತಾಯದ ನಕ್ಷತ್ರಗಳೇ ಬೇರೆ, ಗೊಂದಲ ಬೇಡ. ಮೂರು, ಒಂದು ಸಣ್ಣ ಬಟ್ಟಲಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ಒಂದು ರೂಪಾಯಿ ನಾಣ್ಯವಿಟ್ಟು ಫ್ರೀಜರಿನಲ್ಲೇ ಬಿಡಿ. ನೀವು ಊರಲ್ಲಿಲ್ಲದಾಗ ಕರೆಂಟು ಹೋಗಿ ಬಂದರೆ ಆ ನಾಣ್ಯವೇ ಸಾಕ್ಷಿ. ಮೇಲೆಯೇ ಇದ್ದರೆ ಸರಿ. ತಳ ಸೇರಿದ್ದರೆ ಐಸು ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ.

ಉಪ್ಪಿನ ಕಾಲದಲ್ಲಿ ಬೆರಳು, ಐಸಿನ ಕಾಲದಲ್ಲಿ ಮೂಗು ಸಾಕ್ಷಿ ಹೇಳಿದವು. ನಮ್ಮ ಕಾಲದ ಸಾಕ್ಷಿಗಳು ಪೊಟ್ಟಣದ ಮೇಲಿನ ತಾರೀಖು ಮತ್ತು ಒಂದು ರೂಪಾಯಿ ನಾಣ್ಯ. ಇಂದು ಸಂಜೆಯೇ ನಾಣ್ಯವನ್ನು ಇಡಿ.