ಸ್ಟೀವರ್ಟ್ ಮತ್ತು ಗೌಡ

ನಮ್ಮ ಎಡಿನ್‌ಬರೋ ಟೀಮಿನಲ್ಲಿ ಒಬ್ಬ ಸ್ಟೀವರ್ಟ್ ಇದ್ದ. ಒಂದು ಕಾಲ್‌ನಲ್ಲಿ ಎಲ್ಲರೂ ಸೇರುವ ತನಕ ಸುಮ್ಮನೆ ಹರಟುತ್ತಾ, ಗೌಡ ಅಂದರೆ ಏನು ಅಂತ ಕೇಳಿದ. ಊರಿನ ಮುಖ್ಯಸ್ಥ ಅಂದೆ. ಹಾಗಾದರೆ ನಿಮ್ಮಪ್ಪ ಮುಖ್ಯಸ್ಥರಾ? ಅಲ್ಲ, ಎರಡೆಕರೆ ಗದ್ದೆ, ಸೊಸೈಟಿ ಸಾಲ. ಅವನು ಜೋರಾಗಿ ನಕ್ಕು, ತನ್ನದೂ ಅದೇ ಕಥೆ ಅಂದ.

ನಿಜ ಹೇಳಬೇಕೆಂದರೆ ನನಗೆ ಸರ್‌ನೇಮ್ ಇರಲೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್, ಅಷ್ಟೇ. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ಬಿಡಿಸಿ ಬರೆಯಬೇಕಾಯ್ತು. ಅಪ್ಪನ ಹೆಸರಿನ ಬಾಲದಲ್ಲಿದ್ದ ‘ಗೌಡ’ ಬಂದು ನನ್ನ ಸರ್‌ನೇಮ್ ಖಾನೆಯಲ್ಲಿ ಕೂತಿತು. ಒಂದು ಫಾರ್ಮಿನಿಂದ ವಂಶದ ಹೆಸರು ಹುಟ್ಟಿತು!

ಸ್ಟೀವರ್ಟ್‌ಗಳ ಕಥೆ ಇದಕ್ಕಿಂತ ಬಹಳ ದೂರವೇನಲ್ಲ. ಸ್ಕಾಟ್ಲೆಂಡಿನ ದೊರೆ ಒಂದನೇ ಡೇವಿಡ್ (ಆಳ್ವಿಕೆ 1124–1153) ಚಿಕ್ಕಂದಿನಲ್ಲಿ ಇಂಗ್ಲೆಂಡಿನ ನಾರ್ಮನ್ ಅರಮನೆಯಲ್ಲಿ ಬೆಳೆದವನು. ತಾನು ಸಿಂಹಾಸನ ಏರಿದ ಮೇಲೆ ಪರಿಚಯದ ನಾರ್ಮನ್ ಮತ್ತು ಬ್ರಿಟನಿಯ ಮನೆತನಗಳವರನ್ನು ಕರೆಸಿ ಜಮೀನು ಕೊಟ್ಟ, ಹುದ್ದೆ ಕೊಟ್ಟ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳೇ ಕಂಪನಿಯ ಟೀಮನ್ನೇ ಎತ್ತಿಕೊಂಡು ಬಂದ. ನಾರ್ಮಂಡಿಯ ಬ್ರಿ ಎಂಬ ಊರಿನ ಹೆಸರು ಹೊತ್ತ ಬ್ರೂಸ್‌ಗಳು ಬಂದದ್ದು ಹೀಗೆ. ವಾಲ್ಟರ್ ಫಿಟ್ಸ್ ಅಲನ್ ಎಂಬವನು ಬಂದದ್ದೂ ಹೀಗೆ. ಇವನ ಪೂರ್ವಿಕರು ಬ್ರಿಟನಿಯ ಡೋಲ್ ಎಂಬಲ್ಲಿ ಬಿಷಪ್ಪರ ಮನೆವಾರ್ತೆ ನೋಡಿಕೊಳ್ಳುತ್ತಿದ್ದವರು. ‘ಫಿಟ್ಸ್’ ಅಂದರೆ ಮಗ. ಅಂದರೆ ಅಲನ್‌ನ ಮಗ ವಾಲ್ಟರ್. ನಮ್ಮ ಇನಿಶಿಯಲ್ ಪದ್ಧತಿಯೇ, ಉಚ್ಚಾರ ಮಾತ್ರ ಗತ್ತಿನದು.

ವಾಲ್ಟರ್‌ಗೆ ಸಿಕ್ಕಿದ್ದು ಸ್ಟೀವರ್ಡ್ ಹುದ್ದೆ, ಅರಮನೆಯ ಆಡಳಿತ ನೋಡುವ ಕೆಲಸ. ಹಳೇ ಇಂಗ್ಲಿಷಿನ ‘ಸ್ಟಿಗ್’ (ಮನೆ, ಹಜಾರ) ಮತ್ತು ‘ವೆಯರ್ಡ್’ (ಕಾಯುವವನು) ಸೇರಿ ಆದ ಪದ. ಹುದ್ದೆ ಮಗನಿಗೆ, ಮೊಮ್ಮಗನಿಗೆ ಬಂತು. ಮೊಮ್ಮಗನ ಹೊತ್ತಿಗೆ ಅದೇ ಮನೆತನದ ಹೆಸರು. ಸ್ಕಾಟರ ನಾಲಿಗೆಯಲ್ಲಿ ಕೊನೆಯ ‘ಡ’ ಹೋಗಿ ‘ಟ’ ಆಯ್ತು.

ಗೌಡನ ಕಥೆಗೆ ನಮ್ಮ ಬಂದಳಿಕೆಗೆ ಬರಬೇಕು. ಶಿಕಾರಿಪುರ ತಾಲೂಕಿನ ಊರು. ಬಳ್ಳಿಗಾವಿ ನೋಡಲು ಕಾರು ಮಾಡಿಕೊಂಡು ಬರುವವರೂ ಇಲ್ಲಿಗೆ ಬರುವುದು ಕಮ್ಮಿ. ಶಾಂತಿನಾಥ ಬಸದಿ, ತ್ರಿಮೂರ್ತಿ ದೇವಾಲಯ, ರಾಮಾಯಣ ಮಹಾಭಾರತ ಕೆತ್ತಿದ ಜಾಲಂಧ್ರಗಳ ಸೋಮೇಶ್ವರ ದೇವಸ್ಥಾನ ಇವೆ. ಶಾಸನಗಳಲ್ಲಿ ಊರಿನ ಹೆಸರು ಬಂದಣಿಕೆ. (ನಮ್ಮ ಕಡೆ ಬಂದಳಿಕೆ ಅಂದರೆ ಮಾವಿನ ಕೊಂಬೆಗೆ ಹತ್ತಿಕೊಂಡು ಬೆಳೆಯುವ ಗಿಡವೂ ಹೌದು.) ಬನವಾಸಿ 12000 ಎಂಬ ದೊಡ್ಡ ಪ್ರಾಂತ್ಯದೊಳಗೆ ನಾಗರಖಂಡ 70 ಎಂಬ ನಾಡಿತ್ತು. ಬಂದಣಿಕೆ ಆ ನಾಡಿನ ತೀರ್ಥಸ್ಥಾನ.

ಆ ಕಾಲದಲ್ಲಿ ಊರಿಗೊಬ್ಬ ಗಾವುಂಡ, ನಾಡಿಗೊಬ್ಬ ನಾಳ್ಗಾವುಂಡ. ತೆರಿಗೆ ಎತ್ತುವುದು, ದಾನಕ್ಕೆ ಸಾಕ್ಷಿ ನಿಲ್ಲುವುದು, ತುರುಗೋಳ್ ನಡೆದರೆ ದನ ಬಿಡಿಸಲು ಹೋಗಿ ಸಾಯುವುದು, ಎಲ್ಲಾ ಅವರ ಜಾಬ್ ಡಿಸ್ಕ್ರಿಪ್ಷನ್ನಿನಲ್ಲೇ ಇತ್ತು. ಮೊದಲಿನ ರೂಪ ಗಾಮುಂಡ. ‘ಗ್ರಾಮ’ದ ಪ್ರಾಕೃತ ರೂಪ ‘ಗಾಮ’ ಅದರೊಳಗೆ ಕೂತಿದೆ ಅನ್ನುವುದು ವಿದ್ವಾಂಸರ ಮಾತು. ‘ಮ’ ಸವೆದು ‘ವ’ ಆಯ್ತು, ಗಾವುಂಡ. ಆಮೇಲೆ ಗವುಂಡ, ಗೌಂಡ, ಗೌಡ. ತಮಿಳುನಾಡಿನ ಗೌಂಡರ್ ಕೂಡ ಇದೇ ಪದದ ನೆಂಟ. ಹೆಗ್ಗಡೆ, ಶ್ಯಾನುಭೋಗ, ದೇಸಾಯಿ, ಕುಲಕರ್ಣಿ ಎಲ್ಲವೂ ಹೀಗೆ ಹುದ್ದೆಯಿಂದ ಹೆಸರಾದವೇ.

10ನೇ ಶತಮಾನದ ಆರಂಭ, ರಾಷ್ಟ್ರಕೂಟರ ಇಮ್ಮಡಿ ಕೃಷ್ಣನ ಕಾಲ. ನಾಗರಖಂಡದ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡ. ಹುದ್ದೆ ಯಾರಿಗೆ? ದೊರೆ ಕೊಟ್ಟಿದ್ದು ಅವನ ಹೆಂಡತಿ ಜಕ್ಕಿಯಬ್ಬೆಗೆ. ಬಂದಳಿಕೆಯ ಶಾಸನ ಆಕೆಯನ್ನು ಅಯ್ಯೋ ಪಾಪ ವಿಧವೆ ಅಂತ ಕರೆಯುವುದಿಲ್ಲ. ಒಳ್ಳೆಯ ಆಡಳಿತದ ಸಾಮರ್ಥ್ಯ ಉಳ್ಳವಳು, ಹೆಣ್ಣಾದರೂ ನಾಡನ್ನು ಚೆನ್ನಾಗಿ ನಡೆಸಿದಳು ಅನ್ನುತ್ತದೆ. ಆ ‘ಆದರೂ’ ಆಗಲೂ ಇತ್ತು, ನೋಡಿ. ಕೆಲವು ವರ್ಷ ನಾಡು ನಡೆಸಿದ ಮೇಲೆ ಕಾಯಿಲೆ ಬಿತ್ತು. ಮಗಳನ್ನು ಕರೆಸಿ ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಣಿಕೆಗೆ ಬಂದು ಬಸದಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಳು.

ಮಗಳಿಗೆ ಒಪ್ಪಿಸಿದಳು ಅನ್ನುವುದನ್ನು ಓದಿ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಯಾಕೆಂದರೆ ಇವತ್ತು ನಮ್ಮ ಕಡೆ ‘ಗೌಡ್ತಿ’ ಅಂದರೆ ಗೌಡನ ಹೆಂಡತಿ, ಅಷ್ಟೇ ಅರ್ಥ. ಜಕ್ಕಿಯಬ್ಬೆ ಯಾರದೋ ಹೆಂಡತಿ ಎಂಬ ಅರ್ಥದಲ್ಲಿ ಗಾವುಂಡಿಕೆ ಮಾಡಲಿಲ್ಲ. ಸಹಿ ಹಾಕುವ ಅಧಿಕಾರ ಅವಳದೇ ಇತ್ತು.

ಸ್ಟೀವರ್ಟ್‌ಗಳಿಗೆ ಕಿರೀಟ ಬಂದದ್ದೂ ಹೆಣ್ಣಿನ ಕಡೆಯಿಂದ. ಆರನೇ ಸ್ಟೀವರ್ಡ್ ಆಗಿದ್ದ ವಾಲ್ಟರ್, ದೊರೆ ರಾಬರ್ಟ್ ಬ್ರೂಸ್‌ನ ಮಗಳು ಮಾರ್ಜರಿಯನ್ನು ಮದುವೆಯಾದ. ಅವರ ಮಗ 1371ರಲ್ಲಿ ಇಮ್ಮಡಿ ರಾಬರ್ಟ್ ಆಗಿ ಪಟ್ಟಕ್ಕೆ ಬಂದ. ಕಿರೀಟ ಬಂದದ್ದು ತಾಯಿಯಿಂದ, ವಂಶಕ್ಕೆ ಉಳಿದ ಹೆಸರು ಅಪ್ಪನ ಕೆಲಸದ್ದು. ಮುಂದೆ ರಾಣಿ ಮೇರಿ ಫ್ರಾನ್ಸಿನಲ್ಲಿ ಬೆಳೆದದ್ದರಿಂದ ‘ಸ್ಟುವರ್ಟ್’ ಎಂಬ ಫ್ರೆಂಚ್ ಸ್ಪೆಲಿಂಗ್ ಬಳಕೆಗೆ ಬಂತು. 1714ರಲ್ಲಿ ರಾಣಿ ಆ್ಯನ್ ಸತ್ತಾಗ ಆ ವಂಶದ ಆಳ್ವಿಕೆ ಮುಗಿಯಿತು.

ನಮ್ಮಲ್ಲಿ ಮುಗಿದದ್ದು ಕಾಯ್ದೆಯಿಂದ. ವಂಶಪಾರಂಪರ್ಯವಾಗಿ ಬರುತ್ತಿದ್ದ ಪಟೇಲಿಕೆ, ಶಾನುಭೋಗಿಕೆಗಳನ್ನು 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ತೆಗೆದುಹಾಕಿತು. ಸ್ಕಾಟ್ಲೆಂಡಿನ ಸ್ಟೀವರ್ಡ್ ಪದವಿಯೋ, ಇವತ್ತಿಗೂ ಬ್ರಿಟನ್ನಿನ ಯುವರಾಜನ ಬಿರುದುಗಳ ಪಟ್ಟಿಯಲ್ಲಿ ಹಾಗೇ ಇದೆ. ಇದನ್ನು ನಮ್ಮ ಟೀಮಿನ ಸ್ಟೀವರ್ಟ್‌ಗೆ ಹೇಳಿದಾಗ, ಸಂಬಳ ಯಾರಿಗೆ ಬರುತ್ತೆ ಅಂತ ಕೇಳಿದ.

ಹೋದ ವರ್ಷ ಮಗಳನ್ನು ಶಾಲೆಗೆ ಸೇರಿಸುವಾಗ ಮತ್ತೆ ಅದೇ ಖಾನೆ ಎದುರಾಯ್ತು. ಹೆಂಡತಿಯ ಹೆಸರಿಗೂ ಇನಿಶಿಯಲ್ಲೇ, ಅವರಪ್ಪನದು. ಇಬ್ಬರೂ ಅರ್ಧ ಗಂಟೆ ವಾದ ಮಾಡಿ ಕೊನೆಗೆ ಖಾಲಿ ಬಿಟ್ಟು ಸಬ್‌ಮಿಟ್ ಒತ್ತಿದೆವು. ‘ಈ ಖಾನೆ ಕಡ್ಡಾಯ’ ಅಂತ ಕೆಂಪಕ್ಷರದಲ್ಲಿ ವಾಪಸ್ ಬಂತು.