ಮೆಣಸಿನ ಹೆಸರು ಹೊತ್ತು ಬಂದ ಕಾಯಿ

ಹಾವೇರಿಯಿಂದ ಅವ್ವ ಪುಣೆಗೆ ಬಂದಾಗ ಸರ್ಪಸುತ್ತು ವಾಸಿಯಾಗಿ ಎರಡು ತಿಂಗಳಾಗಿತ್ತು. ಗುಳ್ಳೆಗಳು ಒಣಗಿದ್ದರೂ ಬೆನ್ನಿನ ಉರಿ ಹೋಗಿರಲಿಲ್ಲ. ಸೀರೆಯ ಸೆರಗು ತಾಗಿದರೂ ನರಳುತ್ತಿದ್ದಳು. ಇಲ್ಲಿಯ ಡಾಕ್ಟರು ಬರೆದುಕೊಟ್ಟ ಮುಲಾಮಿನ ಟ್ಯೂಬಿನ ಮೇಲೆ ‘ಕ್ಯಾಪ್ಸೈಸಿನ್ 0.075%’ ಎಂದಿತ್ತು. ಮೆಣಸಿನಕಾಯಿಯ ಖಾರದ ಸತ್ವ ಅದು ಎಂದು ವಿವರಿಸಿದೆ. ಬ್ಯಾಡಗಿಯ ಘಾಟಿನಲ್ಲೇ ಬೆಳೆದ ಅವ್ವ, “ಉರಿಯೋ ಮೈಗೆ ಖಾರ ಹಚ್ಚಂತಾರೇನು? ಡಾಕ್ಟರ ತಲಿ ನೆಟ್ಟಗೈತಿಲ್ಲೋ?” ಎಂದಳು.

ಉತ್ತರ ಹುಡುಕುತ್ತ ಬಹಳ ದೂರ ಹೋಗಬೇಕಾಯಿತು.

ಚರಕ, ಸುಶ್ರುತರ ಸಂಹಿತೆಗಳಲ್ಲಿ ಮೆಣಸಿನಕಾಯಿ ಇಲ್ಲ. ಆಯುರ್ವೇದದ ‘ತ್ರಿಕಟು’ ಎಂದರೆ ಶುಂಠಿ, ಹಿಪ್ಪಲಿ, ಕರಿಮೆಣಸು. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಕೊಲಂಬಸನ ಎರಡನೇ ಯಾನದಲ್ಲಿದ್ದ ವೈದ್ಯ ಚಾಂಕಾ, ದ್ವೀಪದ ಜನ ಊಟಕ್ಕೆ ಇದನ್ನು ಬಳಸುವುದನ್ನು 1494ರಲ್ಲೇ ಬರೆದಿದ್ದಾನೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಡುವಣ ಕರಾವಳಿಗೆ ಬಂತು. ಹೊಸ ಕಾಯಿಗೆ ನಾವು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟೆವು. ಚೆನ್ನೈಯಲ್ಲಿರುವವರು ಮಿಳಗು–ಮಿಳಗಾಯ್, ಹೈದರಾಬಾದಿನವರು ಮಿರಿಯಾಲು–ಮಿರಪಕಾಯ, ನಮ್ಮಂಥ ಪುಣೆಯವರು ಮಿರಿ–ಮಿರಚಿ ಎಂಬ ಜೋಡಿಗಳನ್ನು ದಿನವೂ ಕೇಳುತ್ತೇವೆ. ಎಲ್ಲ ಕಡೆಯೂ ಅದೇ ಕಥೆ.

ಅಡುಗೆಮನೆಯಲ್ಲಿ ಹೊಸಬ ಗೆದ್ದ. ಆದರೆ ನೆಗಡಿಯ ಕಷಾಯಕ್ಕೆ ನಮ್ಮ ಮನೆಯಲ್ಲಿ ಇಂದಿಗೂ ಕುಟ್ಟುವುದು ಕರಿಮೆಣಸನ್ನೇ.

ತವರಿನಲ್ಲಿ ಮಾತ್ರ ಮೆಣಸಿನಕಾಯಿ ಹಳೆಯ ಔಷಧ. ಮೆಕ್ಸಿಕೋದ ನಾವಾ ಜನರ ನೆರವಿನಿಂದ ಪಾದ್ರಿ ಸಹಾಗುನ್ 16ನೇ ಶತಮಾನದಲ್ಲಿ ಸಿದ್ಧಪಡಿಸಿದ ಬೃಹತ್ ಗ್ರಂಥದಲ್ಲಿ ಹಲ್ಲುನೋವಿಗೂ ಕೆಮ್ಮಿಗೂ ಅದರ ಮದ್ದುಗಳಿವೆ. ಖಾರದ ಸತ್ವಕ್ಕೆ 1876ರಲ್ಲಿ ಥ್ರೆಶ್ ಎಂಬ ಬ್ರಿಟಿಷ್ ವಿಜ್ಞಾನಿ ‘ಕ್ಯಾಪ್ಸೈಸಿನ್’ ಎಂದು ಹೆಸರಿಟ್ಟ. ಅದು ಉರಿಸುವುದು ಹೇಗೆಂದು ತಿಳಿಯಲು 1997 ಬರಬೇಕಾಯಿತು. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ತೆರೆದುಕೊಳ್ಳುವ ನರದ ಬಾಗಿಲೊಂದನ್ನೇ ಖಾರವೂ ತೆರೆಯುತ್ತದೆ ಎಂದು ಡೇವಿಡ್ ಜೂಲಿಯಸ್ ಅವರ ತಂಡ ತೋರಿಸಿತು. ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಮತ್ತೆ ಮತ್ತೆ ಹಚ್ಚಿದರೆ ಆ ನರದ ತುದಿಗಳು ದಣಿದು, ಕೆಲಕಾಲ ನೋವಿನ ಸುದ್ದಿ ಕಳಿಸುವುದನ್ನೇ ನಿಲ್ಲಿಸುತ್ತವೆ. ಅವ್ವನ ಪ್ರಶ್ನೆಗೆ ಉತ್ತರ ಇದೇ.

ಹಾಗೆಂದು ಮನೆಯ ಖಾರದಪುಡಿ ಹಚ್ಚುವಂತಿಲ್ಲ, ಚರ್ಮ ಬೆಂದೀತು. ಮುಲಾಮನ್ನೂ ಒಡೆದ ಗುಳ್ಳೆಯ ಮೇಲೆ ಹಚ್ಚಬಾರದು, ಹಚ್ಚಿದ ಕೈಯನ್ನು ಕಣ್ಣಿಗೆ ತಾಗಿಸಬಾರದು.

ಮೊದಲ ವಾರ ಅವ್ವನಿಗೆ ಉರಿ ಹೆಚ್ಚೇ ಆಯಿತು. ಡಾಕ್ಟರಿಗೂ ನನಗೂ ಸೇರಿಸಿಯೇ ಬೈದಳು. ನಾಲ್ಕನೇ ವಾರ ರಾತ್ರಿಯಿಡೀ ನಿದ್ದೆ ಬಂತು. ಪೂರ್ತಿ ಗುಣವಾಗಿಲ್ಲ, ಆದರೆ ಸೆರಗು ಈಗ ಬೆನ್ನ ಮೇಲೆ ನಿಲ್ಲುತ್ತದೆ.

ಅವಳಿಗೆ ಬೇಜಾರಾದದ್ದು ಬೇರೆ ವಿಷಯಕ್ಕೆ. “ನಮ್ಮ ಮೆಣಸಿನಕಾಯಿ ಪರದೇಶದ್ದೇನು?” ಎಂದು ಕೇಳಿದಳು. ಹೌದು, ಬಂದು ಐದುನೂರು ವರ್ಷದ ಹತ್ತಿರ ಹತ್ತಿರ ಆಯಿತು ಎಂದೆ.

“ಅಷ್ಟು ವರ್ಷ ಇದ್ದ ಮ್ಯಾಲೂ ಊರಿನದಾಗಲಿಲ್ಲಂದ್ರ, ನೀ ಪುಣೆದಾಗ ಎಷ್ಟು ವರ್ಷ ಇರಬೇಕಪಾ?”